ಕಂಬದ ಕಣಿವೆಯಲ್ಲಿ ರಾಮಧಾನ್ಯ

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯ ಕಥೆಯನ್ನು ಕೇಳದ ಕನ್ನಡ ವಿದ್ಯಾರ್ಥಿ ವಿರಳ. ವ್ರೀಹಿಗೂ ನರೆದಲೆಗನಿಗೂ, ಎಂದರೆ ಬತ್ತಕ್ಕೂ ರಾಗಿಗೂ, ಶ್ರೀರಾಮನ ಸಮ್ಮುಖದಲ್ಲಿ ಮೇಲುಕೀಳಿನ ವಾದ ನಡೆಯುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಬತ್ತ ಕಂದಿ ಸೊರಗುತ್ತದೆ. ರಾಗಿ ಇದ್ದಂತೆಯೇ ಇದ್ದು, ಗೆದ್ದು, ರಾಘವನ ಹೆಸರನ್ನು ಪಡೆಯುತ್ತದೆ. ತರಗತಿಯಲ್ಲಿ ಈ ಕಥೆ ಮುಗಿಯುವಾಗ ಮುದ್ದೆ ಉಣ್ಣುವ ಮನೆಯ ಹುಡುಗರ ಮುಖ ಅರಳುವುದನ್ನು ಉಪಾಧ್ಯಾಯರೆಲ್ಲರೂ ಕಂಡಿರುತ್ತಾರೆ. ಆದರೆ ಇದೇ ವಾದವು ಕಾವ್ಯದಲ್ಲಿ ಅಲ್ಲದೆ ನೆಲದ ಮೇಲೆಯೇ ನಡೆದ ಒಂದು ಸೀಮೆ ಉಂಟು. ಅಲ್ಲಿ ಕನ್ನಡ ಮಾತನಾಡುವ ಬೇಸಾಯಗಾರರೂ ಉಂಟು. ಅಲ್ಲಿಯ ತೀರ್ಪು ಮಾತ್ರ ಬೇರೆಯಾಯಿತು. ಅದನ್ನು ಕೊಟ್ಟುದು ಒಂದು ಅಣೆಕಟ್ಟು.

ಆ ಸೀಮೆಯ ಹೆಸರು ಕಂಬದ ಕಣಿವೆ. ಮಧುರೆಯಿಂದ ಪಡುವಣಕ್ಕೆ ಹೋದರೆ ಘಟ್ಟದ ಗೋಡೆ ಎದುರಾಗುತ್ತದೆ. ಅದರ ಒಂದು ಮಗ್ಗುಲಲ್ಲಿ ಏಲಕ್ಕಿ ಬೆಟ್ಟಗಳು, ಇನ್ನೊಂದು ಮಗ್ಗುಲಲ್ಲಿ ಮೇಘಮಲೈ. ಇವುಗಳ ನಡುವೆ ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರು ಎಂಬ ಊರುಗಳು ಸಾಲಾಗಿವೆ. ಮೇಘಮಲೈಯ ಆಚೆ ವರುಷನಾಡು. ಉತ್ತರಕ್ಕೆ ಪಳನಿ ಬೆಟ್ಟಗಳು. ಅವುಗಳ ಮೂಡಣಕ್ಕೆ ದಿಂಡಿಗಲ್ಲು, ಅದರ ಬಳಿ ಸಿರುಮಲೈ. ಇದೆಲ್ಲವೂ ಮೊದಲು ಮಧುರೆಯ ಜಿಲ್ಲೆಗೆ ಸೇರಿದ್ದಿತು. 1985ರಲ್ಲಿ ದಿಂಡಿಗಲ್ಲೂ 1996ರಲ್ಲಿ ತೇನಿಯೂ ಪ್ರತ್ಯೇಕ ಜಿಲ್ಲೆಗಳಾದವು. ಘಟ್ಟದ ಮೇಲೆ ಧಾರಾಕಾರವಾಗಿ ಸುರಿಯುವ ಮುಂಗಾರು ಕೇರಳದ ಕಡೆಗೆ ಇಳಿದುಹೋಗುತ್ತದೆ; ಕಣಿವೆ ಮಳೆಯ ಮರೆಯಲ್ಲಿ ನಿಂತಿದೆ. ಮೋಡಗಳನ್ನು ಕಣ್ಣಾರೆ ಕಂಡೂ ಹೊಲ ನೆನೆಯದಿರುವ ಸಂಕಟ ಚಿತ್ರದುರ್ಗ, ತುಮಕೂರಿನ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತು. ತಮಿಳಿನಲ್ಲಿ ‘ಕಂಬು’ ಎಂದರೆ ಸಜ್ಜೆ, ‘ತೇನೀ’ ಎಂದರೆ ಜೇನುನೊಣ. ಸಜ್ಜೆಯಿಂದ ಕಂಬಂ, ಜೇನಿನಿಂದ ತೇನಿ ಎಂದು ಊರಿನ ಹೆಸರುಗಳನ್ನು ಬಿಡಿಸಿಬಿಡಬೇಕೆಂಬ ಆಸೆ ಯಾರಿಗಾದರೂ ಹುಟ್ಟೀತು. ಅದಕ್ಕೆ ಮನಗೊಡಬಾರದು. ಕಿವಿಗೆ ಇಂಪಾದ ವ್ಯುತ್ಪತ್ತಿಗಳೇ ಇತಿಹಾಸದ ವಿದ್ಯಾರ್ಥಿಯನ್ನು ಹೆಚ್ಚಾಗಿ ದಾರಿ ತಪ್ಪಿಸುತ್ತವೆ.

ಈ ಬೆಟ್ಟಗಳ ಅತ್ಯಂತ ಹಳೆಯ ಊಟ ಯಾವುದು? ತಮಿಳಿನ ಸಂಘಸಾಹಿತ್ಯದಲ್ಲಿ ಇದಕ್ಕೆ ಬಹು ಸ್ಪಷ್ಟವಾದ ಉತ್ತರವಿದೆ. ಪಾರಿ ಎಂಬ ನಾಯಕನ ಪರಂಬು ಬೆಟ್ಟಕ್ಕೆ ಮೂವರು ಅರಸರು ಮುತ್ತಿಗೆ ಹಾಕಿದಾಗ ಕಪಿಲರ್ ಎಂಬ ಕವಿ ಅವರಿಗೆ ಹೇಳಿದ ಮಾತುಗಳು ‘ಪುರನಾನೂರು’ ಸಂಕಲನದಲ್ಲಿ ಬಂದಿವೆ. ಒಕ್ಕಲಿಗನು ಉಳದೆಯೇ ಈ ಬೆಟ್ಟ ನಾಲ್ಕು ಫಲಗಳನ್ನು ಕೊಡುತ್ತದೆ, ಮುತ್ತಿಗೆಯಿಂದ ಇದನ್ನು ಹಸಿವಿಗೆ ಕೆಡವಲಾರಿರಿ ಎಂಬುದು ಅದರ ಭಾವ. ಬಿದಿರಕ್ಕಿ, ಹಲಸು, ವಳ್ಳಿಗೆಡ್ಡೆ, ಜೇನು — ಇವೇ ಆ ನಾಲ್ಕು. ಆ ಪರಂಬು ಬೆಟ್ಟವನ್ನು ಈಗ ಪಿರಾನ್ಮಲೈ ಎಂದು ಗುರುತಿಸುತ್ತಾರೆ. ಅದು ದಿಂಡಿಗಲ್ಲಿನ ಮೂಡಣಕ್ಕೆ, ನೆರೆಯ ಶಿವಗಂಗೆ ಜಿಲ್ಲೆಯಲ್ಲಿದೆ. ಕವಿಯು ದವಸದ ಲೆಕ್ಕವನ್ನು ಯುದ್ಧದ ಲೆಕ್ಕವಾಗಿ ಹೇಳಿದುದು ಗಮನಿಸತಕ್ಕದ್ದು. ಬೆಟ್ಟದವರ ಊಟ ಬೆಟ್ಟದವರ ಸ್ವಾತಂತ್ರ್ಯವೂ ಆಗಿದ್ದಿತು.

ಈ ನಾಲ್ಕರಲ್ಲಿ ಗೆಡ್ಡೆಯನ್ನೂ ಜೇನನ್ನೂ ನಂಬಿ ಬಹುಕಾಲ ಬಾಳಿದವರು ಪಳಿಯರು. ಪಳನಿ ಬೆಟ್ಟಗಳಲ್ಲಿಯೂ ಮೇಘಮಲೈ, ವರುಷನಾಡುಗಳ ಕಾಡಿನಲ್ಲಿಯೂ ಇರುವ ಈ ಜನರ ಮುಖ್ಯ ಆಹಾರ ಕಾಡುಗೆಣಸಾಗಿತ್ತು. ಬಳ್ಳಿಯ ಬುಡವನ್ನು ಅಗೆಯುವ ಕೋಲಿನಿಂದ ಆಳಕ್ಕೆ ಬಗೆದು ತೆಗೆದ ಗೆಡ್ಡೆಯನ್ನು ಬೇಯಿಸಿಯೋ ಕೆಂಡದಲ್ಲಿ ಸುಟ್ಟೋ ತಿನ್ನುತ್ತಿದ್ದರು. 1960ರ ದಶಕದ ಮೊದಲಲ್ಲಿ ಅವರ ನಡುವೆ ಇದ್ದು ಅಧ್ಯಯನ ಮಾಡಿದ ಪೀಟರ್ ಗಾರ್ಡ್‌ನರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು, ಪಳಿಯರು ಕಾಡಿನ ಬಾಳಿಗೂ ಗುತ್ತಿಗೆದಾರರ ಕೂಲಿಗೂ ನಡುವೆ ಹೋಗಿಬರುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿದ್ದಾರೆ. ಕೂಲಿಗೆ ಬಂದಾಗ ಅಕ್ಕಿ, ಕಾಡಿಗೆ ಮರಳಿದಾಗ ಗೆಣಸು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವಲ್ಲ.

ಬಿದಿರಕ್ಕಿಯ ಸಂಗತಿ ಬೇರೆ. ಬಿದಿರು ಹಲವು ದಶಕಗಳಿಗೊಮ್ಮೆ ಹೂ ಬಿಟ್ಟು, ಅಕ್ಕಿ ಸುರಿಸಿ, ಸಾಯುತ್ತದೆ. ಅದು ವರ್ಷವರ್ಷದ ಅನ್ನವಲ್ಲ. ಒಂದು ತಲೆಮಾರು ಕಂಡು ಇನ್ನೊಂದು ತಲೆಮಾರಿಗೆ ಹೇಳುವ ಅನ್ನ.

ಉಳದ ಊಟದಿಂದ ಉಳುವ ಊಟಕ್ಕೆ ಬರೋಣ. ಬೆಟ್ಟದ ಇಳಿಜಾರಿನಲ್ಲಿ ಕಾಡು ಕಡಿದು ಸುಟ್ಟು ಬೂದಿಯಲ್ಲಿ ಸಾಮೆ, ರಾಗಿ, ನವಣೆ ಬಿತ್ತುವುದು, ನೆಲ ಸೋತ ಮೇಲೆ ಬೇರೆಡೆಗೆ ಹೋಗುವುದು — ಮಲೆನಾಡಿನಲ್ಲಿ ಕುಮರಿ ಎನ್ನುತ್ತಿದ್ದ ಈ ಬೇಸಾಯ ಇಲ್ಲಿಯೂ ಇದ್ದಿತು. ಕಣಿವೆಯ ಮಟ್ಟದ ಹೊಲಗಳಲ್ಲಿ ಜೋಳ, ಸಜ್ಜೆ, ರಾಗಿ, ಹಾರಕ, ಹುರುಳಿ, ಅವರೆ. ನವಣೆಯ ಹಿಟ್ಟನ್ನು ಜೇನಿನಲ್ಲಿ ಕಲಸಿ ಮುರುಗನಿಗೆ ನೈವೇದ್ಯ ಮಾಡುವ ವಾಡಿಕೆ ಇಂದಿಗೂ ಉಂಟು. ನವಣೆಯ ಹೊಲ ಕಾಯುತ್ತಿದ್ದ ವಳ್ಳಿಯನ್ನು ಅವನು ಮದುವೆಯಾದನೆಂಬುದು ತಮಿಳುನಾಡಿನ ಮಕ್ಕಳೆಲ್ಲ ಬಲ್ಲ ಕಥೆ. ಜನರು ಮರೆತ ಧಾನ್ಯವನ್ನು ದೇವರು ಕೈಬಿಟ್ಟಿಲ್ಲ.

ಧಾನ್ಯಗಳ ಹೆಸರಿನಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ತಮಿಳಿನ ‘ವರಗು’ ಕೇಳಿ ಅದು ನಮ್ಮ ಬರಗು ಎಂದುಕೊಳ್ಳುವುದು ಸಹಜ. ವಕಾರ ಬಕಾರವಾಗುವುದು ವ್ಯಾಕರಣದಲ್ಲಿ ಓದಿದ್ದೇ. ಆದರೆ ಅವರ ವರಗು ನಮ್ಮ ಹಾರಕ. ನಮ್ಮ ಬರಗು ಅವರಿಗೆ ‘ಪನಿವರಗು’. ಶಬ್ದ ಒಂದೇ ಆಗಿದ್ದು ಕಾಳು ಬೇರೆಯಾಗಿದೆ. ಹಾಗೆಯೇ ಅವರ ‘ಕೂಳ್’ ಎಂಬುದು ನಮ್ಮ ಕೂಳೇ. ಅಲ್ಲಿ ಅದು ರಾಗಿ ಅಥವಾ ಸಜ್ಜೆಯ ಹಿಟ್ಟನ್ನು ಹುಳಿಬರಿಸಿ ಕಾಯಿಸಿದ ಅಂಬಲಿ, ಮಜ್ಜಿಗೆ ಸೇರಿಸಿ ಸಣ್ಣ ಈರುಳ್ಳಿ ಕಚ್ಚಿಕೊಂಡು ಕುಡಿಯುವ ಗೌರವದ ಊಟ. ನಮ್ಮಲ್ಲಿ ‘ಕೂಳು’ ಎಂದರೆ ಬೈಗುಳಕ್ಕೆ ಹತ್ತಿರ. ನಮ್ಮ ಮುದ್ದೆಗೆ ಅವರು ‘ಕಳಿ’ ಎನ್ನುತ್ತಾರೆ. ನುಚ್ಚು ಬೇಯಿಸಿ ಹಿಟ್ಟು ಹಾಕಿ ಕೋಲಿನಿಂದ ತಿರುವುವ ಕ್ರಮ ಎರಡೂ ಕಡೆ ಒಂದೇ.

ಈಗ ಕನ್ನಡಿಗರ ಮಾತು. ಮೈಸೂರಿನ ಇತಿಹಾಸ ಓದಿದವರಿಗೆ ದಿಂಡಿಗಲ್ಲು ಹೊಸದಲ್ಲ. 1755ರಲ್ಲಿ ಹೈದರಾಲಿ ಅಲ್ಲಿಯ ಫೌಜುದಾರನಾದನು; ಅವನ ಏಳಿಗೆ ಅಲ್ಲಿಂದಲೇ ಮೊದಲಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಆ ಸೀಮೆಯನ್ನು ಆಂಗ್ಲರಿಗೆ ಬಿಟ್ಟುಕೊಡಬೇಕಾಯಿತು. ಆದರೆ ಇಲ್ಲಿಯ ಕನ್ನಡಿಗರು ಹೈದರನ ದಂಡಿನೊಡನೆ ಬಂದವರೆಂದು ತಿಳಿಯುವುದು ತಪ್ಪು. ಕಂಬದ ಕಣಿವೆಯ ಕಪ್ಪಿಲಿಯರೂ ದಿಂಡಿಗಲ್ಲು, ಮಧುರೆಗಳ ಅನುಪ್ಪರೂ ಅದಕ್ಕಿಂತ ಹಿಂದಿನವರು. ಉತ್ತರದಲ್ಲಿ ಒದಗಿದ ತೊಂದರೆಯಿಂದ, ತೆಲುಗು ಮಾತನಾಡುವ ತೊಟ್ಟಿಯರೊಡನೆ ದಕ್ಷಿಣಕ್ಕೆ ಬಂದೆವೆಂದು ಕಪ್ಪಿಲಿಯರ ಐತಿಹ್ಯ ಹೇಳುತ್ತದೆ. ವಿಜಯನಗರದ ಮತ್ತು ಮಧುರೆಯ ನಾಯಕರ ಕಾಲದ ಜನಸಂಚಾರಕ್ಕೆ ಈ ಐತಿಹ್ಯ ಹೊಂದುತ್ತದೆ. ಶತಮಾನಗಳ ಕಾಲ ಅವರ ಮನೆಯ ಮಾತು ಕನ್ನಡವಾಗಿ ಉಳಿಯಿತು. ಓದುಬರಹ ಮಾತ್ರ ತಮಿಳಿನಲ್ಲಿ.

ಬಂದವರು ತಮ್ಮೊಡನೆ ದನಗಳನ್ನು ತಂದರೆಂಬುದಕ್ಕೆ ಕಂಬದಲ್ಲಿ ವಿಶೇಷವಾದ ಸಾಕ್ಷಿಯಿದೆ. ನಂದಗೋಪಾಲನ ಗುಡಿಯ ದೊಡ್ಡಿಯಲ್ಲಿ ದೇವರಿಗೆ ಮೀಸಲಾದ ಒಂದು ಮಂದೆ. ತಮಿಳಿನಲ್ಲಿ ಅದಕ್ಕೆ ‘ತಂಬಿರಾನ್ ಮಾಡು’ ಎಂದು ಹೆಸರು. ಕನ್ನಡದ ಹೆಸರು ‘ದೇವರು ಆವು’ ಎಂದು 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಗ್ರಂಥದಲ್ಲಿ ದಾಖಲಾಗಿದೆ. ಮಂದೆಯ ಒಡೆಯನಾದ ಗೂಳಿ ‘ಪಟ್ಟದ ಆವು’. ನಮ್ಮಲ್ಲಿ ಆಕಳು, ಹಸು ಎಂಬ ಮಾತುಗಳು ಬಳಕೆಯಲ್ಲಿ ಮುಂದೆ ಬಂದು, ‘ಆವು’ ಹಳಗನ್ನಡದ ಪದ್ಯಗಳಲ್ಲಿ ಅಡಗಿಕೊಂಡಿತು. ಘಟ್ಟದ ಬುಡದ ಆ ದೊಡ್ಡಿಯಲ್ಲಿ ಅದು ಮೇಯುತ್ತಲೇ ಇದ್ದಿತು. ಪಟ್ಟದಾನೆಯನ್ನು ಬಲ್ಲ ಮೈಸೂರಿನವರಿಗೆ ಪಟ್ಟದಾವು ಅರ್ಥವಾಗಲು ನಿಘಂಟು ಬೇಡ.

ಹಳೆಯ ಗೂಳಿ ಸತ್ತರೆ ಹೊಸದನ್ನು ಆರಿಸುವ ಕ್ರಮವೂ ಅದೇ ಗ್ರಂಥದಲ್ಲಿದೆ. ಒಳ್ಳೆಯ ದಿನ ನೋಡಿ ಕಬ್ಬಿನ ಕಟ್ಟೊಂದನ್ನು ಪೂಜಾದ್ರವ್ಯಗಳೊಡನೆ ಇಟ್ಟು ಮಂದೆಯನ್ನು ಎದುರಿಗೆ ಬಿಡುತ್ತಾರೆ. ಮುಂದೆ ಬಂದು ಕಬ್ಬಿಗೆ ಬಾಯಿ ಹಾಕಿದ್ದೇ ಪಟ್ಟಕ್ಕೆ ಬರುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಇನ್ನೊಂದು ನಿಯಮ: ಈ ಹಸುಗಳನ್ನು ಕರೆಯುವುದಿಲ್ಲ. ಹಾಲೆಲ್ಲ ಕರುವಿಗೆ. ಒಂದು ಜನದ ಊಟವನ್ನು ಕುರಿತು ಬರೆಯುವಾಗ ಅವರು ತಿಂದುದರ ಪಟ್ಟಿಯೊಂದೇ ಸಾಲದು. ಕೈಗೆ ಎಟುಕುತ್ತಿದ್ದರೂ ಉಣ್ಣದೆ ಬಿಟ್ಟುದನ್ನೂ ಹೇಳಬೇಕು.

ಇಂತಹ ನೆಲದಲ್ಲಿ ಅನ್ನ ಇರಲೇ ಇಲ್ಲವೆಂದಲ್ಲ. ಕಣಿವೆಯ ನದಿಗೆ ಅಡ್ಡವಾದ ಸಣ್ಣ ಕಟ್ಟೆಗಳ ಕೆಳಗೆ ಗದ್ದೆಗಳಿದ್ದವು; ಚಿನ್ನಮನೂರಿನಲ್ಲಿ ದೊರೆತ ಪಾಂಡ್ಯರ ತಾಮ್ರಶಾಸನಗಳು ಈ ಕಣಿವೆ ಅರಸರಿಗೂ ದಾನ ಪಡೆದವರಿಗೂ ಹಳೆಯ ಪರಿಚಯವೆಂದು ತೋರಿಸುತ್ತವೆ. ಪಳನಿ ಬೆಟ್ಟದ ಮೇಲಂತೂ ಕುನ್ನುವರು ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ತೊರೆಯ ನೀರನ್ನು ತಿರುಗಿಸಿ, ಚಳಿಯಲ್ಲಿ ನಿಧಾನವಾಗಿ ಮಾಗುವ ಬತ್ತವನ್ನು ಬೆಳೆದಿದ್ದರು. ಆದುದರಿಂದ ಬೆಟ್ಟಕ್ಕೆ ಸಾಮೆ, ಬಯಲಿಗೆ ಅಕ್ಕಿ ಎಂದು ಗೆರೆ ಎಳೆದರೆ ಅದು ನಿಲ್ಲುವುದಿಲ್ಲ. ನೀರು ಎಲ್ಲಿ ನಿಂತಿತೋ ಅಲ್ಲಿ ಬತ್ತ. ನೀರು ನಿಲ್ಲದೆಡೆ ಉಳಿದವರೆಲ್ಲರ ಧಾನ್ಯಗಳು. ಉಳಿದವರೇ ಹೆಚ್ಚು.

1876ರಿಂದ 78ರವರೆಗಿನ ಮಹಾಕ್ಷಾಮ ಮದರಾಸು ಪ್ರಾಂತವನ್ನೂ ಮೈಸೂರನ್ನೂ ಒಟ್ಟಿಗೆ ಸುಟ್ಟಿತು. ಘಟ್ಟದ ಆಚೆ ಪಡುವಣ ಕಡಲಿಗೆ ಹರಿದುಹೋಗುವ ಪೆರಿಯಾರಿನ ನೀರನ್ನು ಈಚೆಗೆ ತರಬೇಕೆಂಬ ಹಳೆಯ ಆಲೋಚನೆ ಆಮೇಲೆ ಮತ್ತೆ ಎದ್ದಿತು. 1808ರಲ್ಲಿ ಕಾಲ್ಡ್‌ವೆಲ್ ಎಂಬ ಅಧಿಕಾರಿ ಅದನ್ನು ಬರಿಯ ಕನಸೆಂದು ತಳ್ಳಿಹಾಕಿದ್ದನು. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನವು 8,000 ಎಕರೆಯನ್ನು 999 ವರ್ಷಗಳ ಗೇಣಿಗೆ ಮದರಾಸು ಸರ್ಕಾರಕ್ಕೆ ಕೊಟ್ಟಿತು. ಜಾನ್ ಪೆನ್ನಿಕುಯಿಕ್ ಎಂಬ ಎಂಜಿನಿಯರು ದಟ್ಟ ಕಾಡಿನಲ್ಲಿ ಸುಣ್ಣ-ಸುರ್ಕಿಯ ಅಣೆಕಟ್ಟನ್ನು ಕಟ್ಟಿಸಿ, ಬೆಟ್ಟದಲ್ಲಿ ಸುರಂಗ ಕೊರೆಯಿಸಿ, ನೀರನ್ನು ಮೂಡಣಕ್ಕೆ ಇಳಿಸಿದನು. 1895ರ ಅಕ್ಟೋಬರಿನಲ್ಲಿ ಅದು ಹರಿಯತೊಡಗಿತು. ಆ ನೀರಿನ ಗುರಿ ಮಧುರೆಯ ಬಯಲು; ಆದರೆ ದಾರಿಯಲ್ಲಿದ್ದ ಕಂಬದ ಕಣಿವೆಯಲ್ಲಿ ಸುಮಾರು 14,700 ಎಕರೆ ಎರಡು ಬೆಳೆಯ ಗದ್ದೆಯಾಯಿತು.

ಹೀಗೆ ವ್ರೀಹಿ ಗೆದ್ದಿತು. ಸೆರೆಮನೆಯಲ್ಲಿ ಕಂದಿದ ಧಾನ್ಯಕ್ಕೆ ನೀರು ಕೊಟ್ಟು ವಾದವನ್ನು ಮರಳಿ ನಡೆಸಿದಂತಾಯಿತು.

ಇದನ್ನು ಅನ್ಯಾಯವೆಂದು ಬರೆಯುವುದು ಈಗ ಸುಲಭ. ಪಟ್ಟಣದ ಅಂಗಡಿಯಲ್ಲಿ ಸಾಮೆಯನ್ನು ಅಕ್ಕಿಗಿಂತ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವ ಕಾಲ ಇದು. ಬಡವರ ಕಾಳಿಗೆ ಸಿರಿಧಾನ್ಯವೆಂಬ ಹೆಸರಾಗಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಅವುಗಳಿಗಾಗಿಯೇ ಮೀಸಲಿಟ್ಟಿತು. ಆದರೆ ಸಾಮೆಯನ್ನು ಹಸನು ಮಾಡುವುದೆಂದರೆ ಏನೆಂದು ಕೇಳಬೇಕು. ರಾಗಿಯನ್ನು ನೇರವಾಗಿ ಬೀಸಬಹುದು. ಸಾಮೆಗೆ ಬಿಗಿಯಾದ ಹೊಟ್ಟು, ಹಾರಕಕ್ಕೆ ಪದರು ಪದರಾದ ಸಿಪ್ಪೆ. ಒರಳಿಗೆ ಹಾಕಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ, ಮತ್ತೆ ಕೇರಬೇಕು. ಕೋಳಿ ಕೂಗುವ ಹೊತ್ತಿಗೆ ಎದ್ದು ಒನಕೆ ಹಿಡಿದವಳು ಮನೆಯವರೆಲ್ಲ ಉಂಡ ಮೇಲೆ ತಾನು ಉಣ್ಣಬೇಕು, ಮಾರನೆಯ ದಿನ ಮತ್ತೆ ಏಳಬೇಕು. ಯಂತ್ರದ ಗಿರಣಿಯಿಂದ ಬಿಳಿಯ ಅಕ್ಕಿ ಮನೆಗೆ ಬಂದಾಗ ಆಕೆ ಅದನ್ನು ರುಚಿಗಾಗಿಯೋ ಅಂತಸ್ತಿಗಾಗಿಯೋ ಮಾತ್ರ ಸ್ವಾಗತಿಸಿದಳೆಂದು ಹೇಳುವವರು ಒನಕೆಯ ತೂಕವನ್ನು ಅರಿಯರು. ಈ ಲೇಖಕನ ಅಭಿಪ್ರಾಯದಲ್ಲಿ ಕಿರುಧಾನ್ಯಗಳು ಹಿಂದೆ ಸರಿದುದಕ್ಕೆ ಅಣೆಕಟ್ಟಿನಷ್ಟೇ ಬಲವಾದ ಕಾರಣ ಹೆಂಗಸರ ತೋಳಿನ ನೋವು.

ಬೆಟ್ಟದ ಮೇಲಿನವರ ಕಥೆ ಮಾತ್ರ ಹೀಗೆ ಎರಡು ಮುಖದ್ದಲ್ಲ. ಅವರಿಗೆ ನೀರು ಬರಲಿಲ್ಲ, ಕಾನೂನು ಬಂದಿತು. 1882ರ ಮದರಾಸು ಅರಣ್ಯ ಶಾಸನದ ಮೇಲೆ ಕಾಡುಗಳು ಮೀಸಲಾದವು. ಸುಟ್ಟು ಬಿತ್ತುವ ಬೇಸಾಯ ಅಪರಾಧವಾಯಿತು. ಗೆಣಸು ಅಗೆಯಲೂ ಜೇನು ಇಳಿಸಲೂ ಇನ್ನೊಬ್ಬರ ಅಪ್ಪಣೆ ಬೇಕಾಯಿತು. ಕಪಿಲರ್ ಎಣಿಸಿದ ನಾಲ್ಕು ಫಲಗಳಿಗೆ ಮುತ್ತಿಗೆ ಬಿದ್ದುದು ಆಗ. 2006ರ ಅರಣ್ಯ ಹಕ್ಕುಗಳ ಶಾಸನ ಕಿರು ಉತ್ಪನ್ನಗಳ ಮೇಲಿನ ಹಕ್ಕನ್ನು ಒಪ್ಪಿಕೊಂಡಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯದ ಹಕ್ಕುಪತ್ರಗಳನ್ನು ಪಡೆದರು. ಮೇಘಮಲೈಯ ಕಾಡು 2021ರಲ್ಲಿ ಶ್ರೀವಿಲ್ಲಿಪುತ್ತೂರಿನ ಕಾಡಿನೊಡನೆ ಹುಲಿ ಮೀಸಲು ಪ್ರದೇಶಕ್ಕೆ ಸೇರಿತು.

ಕಾಡು ಮುಚ್ಚಿದ ಕಾಲದಲ್ಲಿಯೇ ಬೆಟ್ಟದ ಮೇಲೆ ಹೊಸ ಬೆಳೆಗಳು ಏರುತ್ತಿದ್ದವು. ಕೊಡೈಕಾನಲ್ಲಿನಲ್ಲಿ ಅಮೆರಿಕದ ಪಾದ್ರಿಗಳು ಮೊದಲ ಮನೆಗಳನ್ನು ಕಟ್ಟಿಕೊಂಡುದು 1845ರಲ್ಲಿ. ಆಲೂಗೆಡ್ಡೆ, ಬೇರಿಕಾಯಿ, ಕಾಫಿ ಇವು ಈಗ ಬೆಟ್ಟದ ಸಹಜ ಬೆಳೆಗಳಂತೆ ಕಾಣುತ್ತವೆ. ಇವುಗಳ ವಯಸ್ಸು ಎರಡು ಶತಮಾನಕ್ಕೆ ಒಳಗಿನದು. ಕೆಳಪಳನಿಯ ಚಪ್ಪರಗಳಲ್ಲಿ ತೂಗುವ ಸೀಮೆಬದನೆಗೆ ತಮಿಳರು ‘ಬೆಂಗಳೂರು ಕತ್ತರಿಕ್ಕಾಯ್’ ಎನ್ನುತ್ತಾರೆ. ನಾವು ಅದನ್ನು ಸೀಮೆಯದೆಂದೆವು, ಅವರು ನಮ್ಮದೆಂದರು. ನಿಜವಾಗಿ ಅದು ಅಮೆರಿಕ ಖಂಡದ ಬಳ್ಳಿ. ಪೂಂಬಾರೈ ಮೊದಲಾದ ಊರುಗಳ ಮಲೆಬೆಳ್ಳುಳ್ಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಏಲಕ್ಕಿಯಂತೂ ಬೋಡಿನಾಯಕನೂರಿನ ಹರಾಜುಕಟ್ಟೆಗೆ ಇಳಿದು ದೂರದೇಶಗಳಿಗೆ ಹೋಗುವ ಸರಕು. ಅದನ್ನು ಬಿಡಿಸಲು ಬೆಳಗಿನ ಜಾವವೇ ಬೆಟ್ಟ ಹತ್ತುವ ಕೂಲಿಯವರ ಬುತ್ತಿಯಲ್ಲಿ ಅದರ ಪರಿಮಳ ಇರುವುದಿಲ್ಲ.

ಬೆಟ್ಟದ್ದೇ ಎನ್ನಬಹುದಾದ ಒಂದು ಹಣ್ಣು ಸಾವಿನ ಬಾಗಿಲು ತಟ್ಟಿ ಬಂದುದು ಹೇಳತಕ್ಕ ಸಂಗತಿ. ಕೆಳಪಳನಿಯಲ್ಲಿಯೂ ಸಿರುಮಲೈಯಲ್ಲಿಯೂ ಕಾಫಿಗೆ ನೆರಳಾಗಿ ಬೆಳೆಯುವ ಮಲೆಬಾಳೆಗೆ ‘ವಿರೂಪಾಕ್ಷಿ’ ಎಂದು ಹೆಸರು. ಹಂಪೆಯ ನೆನಪು ತರುವ ಈ ಹೆಸರಿನ ಊರೊಂದು ಬೆಟ್ಟದ ಬುಡದಲ್ಲಿದೆ. ಆಂಗ್ಲರನ್ನು ಎದುರಿಸಿ 1801ರಲ್ಲಿ ಗಲ್ಲಿಗೇರಿದ ಪಾಳೆಯಗಾರ ಗೋಪಾಲನಾಯಕನ ಊರು ಅದು. ಹಣ್ಣು ಚಿಕ್ಕದು, ನೀರಿನಂಶ ಕಡಿಮೆ, ಸಿಹಿ ಗಾಢ. ಅದಕ್ಕೆ ಬೆಲ್ಲ, ತುಪ್ಪ, ಜೇನು, ಕಲ್ಲುಸಕ್ಕರೆ, ಖರ್ಜೂರ, ಏಲಕ್ಕಿ ಕಲಸಿದರೆ ಪಳನಿಯ ಪಂಚಾಮೃತ. ನೀರು ಸೇರದಿರುವುದರಿಂದಲೇ ಅದು ಯಾತ್ರಿಕರ ಮನೆ ತಲಪುವವರೆಗೂ ಕೆಡುವುದಿಲ್ಲ. 1970ರ ದಶಕದಲ್ಲಿ ಸಸಿಯ ಸುಳಿಯನ್ನು ಗೊಂಚಲುಗಟ್ಟಿಸಿ ಕೊಲ್ಲುವ ನಂಜುರೋಗ ತೋಟಗಳನ್ನು ಹಾಳುಮಾಡಿತು. ಆಮೇಲೆ ತಡಿಯನ್‌ಕುಡಿಸೈಯಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನ ಕೇಂದ್ರದವರು ರೋಗವಿಲ್ಲದ ಸಸಿಗಳನ್ನು ಅಂಗಾಂಶದಿಂದ ಬೆಳೆಸಿ ರೈತರಿಗೆ ಕೊಡತೊಡಗಿದರು. 2008ರಲ್ಲಿ ಈ ಬಾಳೆಗೂ 2019ರಲ್ಲಿ ಪಂಚಾಮೃತಕ್ಕೂ ಭೌಗೋಳಿಕ ಗುರುತು ಬಂದಿತು. ಪರಂಪರೆಯ ಪ್ರಸಾದವೆಂದು ನಾವು ಕಣ್ಣಿಗೊತ್ತಿಕೊಳ್ಳುವ ಹಣ್ಣು ಗಾಜಿನ ಸೀಸೆಯಲ್ಲಿ ಮರುಹುಟ್ಟು ಪಡೆದುದು ಎಂಬುದರಿಂದ ಅದರ ಪಾವಿತ್ರ್ಯವೇನೂ ಕುಂದದು.

ಅಕ್ಕಿಯ ಜಯವನ್ನು ಪೂರ್ಣಗೊಳಿಸಿದುದು ನ್ಯಾಯಬೆಲೆಯ ಅಂಗಡಿ. ತಮಿಳುನಾಡಿನಲ್ಲಿ 2008ರಲ್ಲಿ ಕಿಲೋ ಅಕ್ಕಿಗೆ ಒಂದು ರೂಪಾಯಿ ಆಯಿತು. 2011ರ ಜೂನ್‌ನಿಂದ ಅಕ್ಕಿ ಉಚಿತವಾಯಿತು. ಅಣೆಕಟ್ಟಿನ ನೀರು ಏರಲಾರದ ಬೆಟ್ಟದ ಹಟ್ಟಿಗಳಿಗೂ ಹೀಗೆ ಬತ್ತದ ತೀರ್ಪು ತಲಪಿತು. ಹಸಿವು ತಪ್ಪಿತೆಂಬುದನ್ನು ಮರೆಯಬಾರದು. 2023ರಲ್ಲಿ ಅದೇ ಸರ್ಕಾರ ನೀಲಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ ಅಕ್ಕಿಗೆ ಬದಲಾಗಿ ಎರಡು ಕಿಲೋ ರಾಗಿ ಕೊಡುವ ಪ್ರಯೋಗವನ್ನು ಆರಂಭಿಸಿತು. ನರೆದಲೆಗನ ಮೇಲ್ಮನವಿ ಅಷ್ಟರ ಮಟ್ಟಿಗೆ ಸ್ವೀಕೃತವಾಗಿದೆ. ಆಗ ಆರಿಸಿದ ಜಿಲ್ಲೆಗಳಲ್ಲಿ ತೇನಿ, ದಿಂಡಿಗಲ್ಲುಗಳ ಹೆಸರು ಇರಲಿಲ್ಲ.

ಜನವರಿ 15 ಪೆನ್ನಿಕುಯಿಕ್ ಹುಟ್ಟಿದ ದಿನ. ಸಂಕ್ರಾಂತಿಯ ಹಬ್ಬವೂ ಅದೇ ವೇಳೆಗೆ ಬರುವುದರಿಂದ ತೇನಿ ಜಿಲ್ಲೆಯ ಪಾಲಾರ್‌ಪಟ್ಟಿಯಲ್ಲಿ ಬೇಸಾಯಗಾರರು ಆ ಎಂಜಿನಿಯರನ ಹೆಸರಿನಲ್ಲಿ ಹೊಸ ಮಡಕೆಗಳಲ್ಲಿ ಹೊಸ ಅಕ್ಕಿಯ ಪೊಂಗಲನ್ನು ಉಕ್ಕಿಸುತ್ತಾರೆ. ಹಬ್ಬದ ಮರುದಿನ ದನಗಳ ಪೊಂಗಲು. ಆ ದಿನ ಕಂಬದ ನಂದಗೋಪಾಲನ ದೊಡ್ಡಿಯ ಮುಂದೆ ಜನ ಕಬ್ಬು, ಬಾಳೆಹಣ್ಣು, ಹಸಿಮೇವು ಹಿಡಿದು ಸಾಲು ನಿಲ್ಲುತ್ತಾರೆ. ಯಾರೂ ಹಾಲು ಕರೆಯದ ಆವುಗಳು ಒಳಗೆ ಮೆಲುಕು ಹಾಕುತ್ತ ನಿಂತಿರುತ್ತವೆ.